ಬಿಂಗ್‌ನ ಸಾಲಿನ ಮರ

ಕೇಳುಗರಿಗೆ ನಮಸ್ಕಾರ.

ಇವತ್ತು ಒಬ್ಬ ಹಣ್ಣಿನ ತೋಟಗಾರನ ಕಥೆ ಹೇಳುತ್ತೇನೆ. ಹೆಸರು ಸೇತ್ ಲುವೆಲಿಂಗ್. ಊರು ಅಮೆರಿಕದ ಆರೆಗಾನ್ ರಾಜ್ಯದ ಮಿಲ್ವಾಕಿ, ವಿಲ್ಯಾಮೆಟ್ ನದಿಯ ದಂಡೆ. ಈ ಹೆಸರು ಎಲ್ಲೂ ಕೇಳಿದ ಹಾಗಿಲ್ಲ, ಅಲ್ವಾ? ಆದರೆ ಅವನ ತೋಟದಲ್ಲಿ 1875ರಲ್ಲಿ ಹುಟ್ಟಿದ ಹಣ್ಣನ್ನು ಇವತ್ತಿಗೂ ಲೋಕವೆಲ್ಲ ತಿನ್ನುತ್ತಿದೆ. ಬಿಂಗ್ ಚೆರ್ರಿ. ಕಡುಗೆಂಪು, ಚೆನ್ನಾಗಿ ಮಾಗಿದರೆ ಹೆಚ್ಚುಕಮ್ಮಿ ಕಪ್ಪೇ. ಹಣ್ಣಿಗೆ ಯಜಮಾನನ ಹೆಸರು ಬರಲಿಲ್ಲ, ಮೇಸ್ತ್ರಿಯ ಹೆಸರು ಬಂತು. ಅಲ್ಲಿಗೆ ಬರುತ್ತೇನೆ. ಮೊದಲು ಆ ತೋಟ ಮಿಲ್ವಾಕಿಗೆ ಬಂದದ್ದು ಹೇಗೆ ಅಂತ ಕೇಳಿ. ಅದು ಬಂಡಿಯಲ್ಲಿ ಬಂತು!

ಸೇತ್‌ನ ಅಣ್ಣ ಹೆಂಡರ್ಸನ್, ಅಯೋವಾ ರಾಜ್ಯದಲ್ಲಿ ನರ್ಸರಿ ಇಟ್ಟುಕೊಂಡಿದ್ದವನು. ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಗುಲಾಮಗಿರಿ ಅಂದರೆ ಆಗದು. ಪಕ್ಕದ ಮಿಸೌರಿ ರಾಜ್ಯದ ಒಡೆಯರಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ತಮ್ಮ ಮನೆಯಲ್ಲಿ ನೆಲದಡಿ ಬಚ್ಚಿಡುತ್ತಿದ್ದರು. ಆ ಕಲ್ಲಿನ ಮನೆ ಈಗಲೂ ಇದೆ.

1847ರ ಏಪ್ರಿಲ್‌ನಲ್ಲಿ ಹೆಂಡರ್ಸನ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಶ್ಚಿಮಕ್ಕೆ ಹೊರಟ. ಒಂದು ಬಂಡಿಯಲ್ಲಿ ಎರಡು ಮರದ ಪೆಟ್ಟಿಗೆ ಕೂರಿಸಿದ. ಒಂದಡಿ ಆಳಕ್ಕೆ ಮಣ್ಣು, ಇದ್ದಿಲ ಪುಡಿ ತುಂಬಿದ. ಅದರಲ್ಲಿ ನೆಟ್ಟದ್ದು ಸುಮಾರು 700 ಸಸಿ. ಸೇಬು, ಪೇರ್, ಪ್ಲಮ್, ಚೆರ್ರಿ. ಎತ್ತುಗಳು ಎಲೆಗೆ ಬಾಯಿ ಹಾಕದ ಹಾಗೆ ಸುತ್ತ ಪಟ್ಟಿ ಬಡಿದ. ಮುಂದೆ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ದಿನವೂ ಸಸಿಗೆ ನೀರು ಹೊಯ್ಯಬೇಕು. ಕುಡಿಯುವ ನೀರಿಗೇ ಪರದಾಡುವ ಕಡೆಯಲ್ಲೂ! ದಾರಿಯಲ್ಲಿ ಎತ್ತು ಸತ್ತವು. ಜೊತೆಗಿದ್ದವರು, ಈ ಭಾರ ಇಲ್ಲೇ ಬಿಡು ಮಾರಾಯ, ಅಂದರು. ಬಿಡಲಿಲ್ಲ. ನವೆಂಬರಿಗೆ ವಿಲ್ಯಾಮೆಟ್ ಕಣಿವೆ ಮುಟ್ಟುವಾಗ ಅರ್ಧದಷ್ಟು ಗಿಡ ಬದುಕಿದ್ದವು. ಹಟ ಅನ್ನಿ, ಹುಚ್ಚು ಅನ್ನಿ. ಆ ಕಣಿವೆಯ ಕಸಿ ಹಣ್ಣಿನ ಬೇಸಾಯ ಶುರುವಾದದ್ದು ಈ ಬಂಡಿಯಿಂದ.

ಸೇತ್ ಬಂದು ಸೇರಿಕೊಂಡದ್ದು 1850ರಲ್ಲಿ. ಆಗ ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಹುಚ್ಚು. ಗಣಿಯವರ ಕೈಯಲ್ಲಿ ಚಿನ್ನ ಇದೆ, ತಿನ್ನಲು ಒಂದು ಹಣ್ಣಿಲ್ಲ. ಸೇಬಿಗೆ ಹೇಳಿದ್ದೇ ಬೆಲೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಣ್ಣ ತನ್ನ ಪಾಲಿನದ್ದು ಮುಗಿಸಿಕೊಂಡು ಅತ್ತಲೇ ನಡೆದ. ತಮ್ಮ ಮಿಲ್ವಾಕಿಯಲ್ಲೇ ನಿಂತ. ನನಗೆ ಈ ನಿಂತವನೇ ಜಾಸ್ತಿ ಇಷ್ಟ.

ಈತನಿಗೆ ಹೊಸ ತಳಿ ಎಬ್ಬಿಸುವ ಗೀಳು. ಚೆರ್ರಿಯಲ್ಲಿ ಅದು ಸುಲಭವಲ್ಲ. ಬೀಜ ಹಾಕಿದರೆ ತಾಯಿಯಂಥ ಹಣ್ಣೇ ಬರುತ್ತದೆ ಅನ್ನುವ ಹಾಗಿಲ್ಲ. ವರ್ಷಗಟ್ಟಲೆ ಸಾಕಿದ ಮರ ಕೊನೆಗೆ ಹುಳಿ ಗೋಲಿ ಬಿಟ್ಟರೂ ಬಿಟ್ಟೀತು. ನೂರರಲ್ಲಿ ಒಂದು ಚೆನ್ನಾಗಿದ್ದರೆ ಅದರ ಕಡ್ಡಿ ತಂದು ಕಸಿ ಕಟ್ಟಬೇಕು. ಹಾಗೆ ಸಿಕ್ಕ ಒಂದು ಕರಿ ಚೆರ್ರಿಗೆ ಸೇತ್ ಇಟ್ಟ ಹೆಸರು 'ಬ್ಲ್ಯಾಕ್ ರಿಪಬ್ಲಿಕನ್'. ಗುಲಾಮಗಿರಿ ಬೇಡ ಅನ್ನುವವರನ್ನು ಎದುರಾಳಿಗಳು ಬೈಯುತ್ತಿದ್ದ ಬೈಗುಳ ಅದು. ಬೈದವರೇ ಆ ಹೆಸರನ್ನು ಚಪ್ಪರಿಸಿ ತಿನ್ನಲಿ ಅಂತ ಇಟ್ಟನಂತೆ.

ಅದೇ ಮರದ ಬೀಜದಿಂದ ಮುಂದೆ ಬಿಂಗ್ ಹುಟ್ಟಿತು.

ತೋಟದ ಚೀನೀ ಮೇಸ್ತ್ರಿಯನ್ನು ಎಲ್ಲರೂ ಕರೆಯುತ್ತಿದ್ದದ್ದು 'ಆ ಬಿಂಗ್' ಅಂತ. ನಮ್ಮ ಕಿವಿಗೆ ಯಾರನ್ನೋ ಬೆರಳು ಮಾಡಿ ತೋರಿಸಿದ ಹಾಗೆ ಕೇಳುತ್ತದೆ. ಚೀನೀ ಮಾತಿನಲ್ಲಿ ಆ 'ಆ' ಸಲುಗೆಯ ಕೂಗು, ಹೆಸರಿನ ಭಾಗವಲ್ಲ. ಆರಡಿ ಮೀರಿದ ಆಳು. ಚೀನಾದಲ್ಲಿದ್ದ ಹೆಂಡತಿ ಮಕ್ಕಳಿಗೆ ಇಲ್ಲಿಂದ ದುಡ್ಡು ಕಳಿಸುತ್ತಿದ್ದ. ತೋಟದ ಸಾಲುಗಳನ್ನು ಅವನೂ ಸೇತ್‌ನೂ ಹಂಚಿಕೊಂಡು ನೋಡುತ್ತಿದ್ದರು. ಹೊಸ ಹಣ್ಣು ಕಾಣಿಸಿದ್ದು ಬಿಂಗ್‌ನ ಸಾಲಿನಲ್ಲಿ. ನಿನ್ನ ಹೆಸರೇ ಇಡು ಅಂತ ಸೇತ್‌ಗೆ ಯಾರೋ ಹೇಳಿದರಂತೆ. ಬೇಡ, ಹಣ್ಣೂ ದೊಡ್ಡದು, ಬಿಂಗ್ ಕೂಡ ದೊಡ್ಡ ಆಳು, ಮರ ಇರುವುದೂ ಅವನ ಸಾಲಿನಲ್ಲೇ ಅಂದನಂತೆ ಸೇತ್. ಆ ಮನೆಯವರು ನೆನಪಿಟ್ಟುಕೊಂಡು ಬಂದ ಮಾತು ಇದು.

ಇನ್ನೊಂದು ವಿಷಯ. ಬಿಂಗ್ ಮರಕ್ಕೆ ತನ್ನದೇ ಪರಾಗ ಆಗಿಬರುವುದಿಲ್ಲ. ಬಿಂಗ್ ಮರಗಳೆಲ್ಲ ಒಂದೇ ಮರದ ಕಸಿ ಆದ್ದರಿಂದ, ಬರೀ ಬಿಂಗ್ ನೆಟ್ಟ ತೋಟ ಹೂ ಬಿಟ್ಟು ಸುಮ್ನೆ ನಿಲ್ಲುತ್ತದೆ. ಬೇರೆ ತಳಿ ಹತ್ತಿರದಲ್ಲಿರಬೇಕು, ಜೇನು ಓಡಾಡಬೇಕು. ತಾಯಿ ಬ್ಲ್ಯಾಕ್ ರಿಪಬ್ಲಿಕನ್ ಆದರೂ ಆದೀತು. ಹಣ್ಣಾಗುವಾಗ ಮಳೆ ಬಂದರೆ ಸಿಪ್ಪೆ ಸೀಳುತ್ತದೆ. ಈಗಿನ ದೊಡ್ಡ ತೋಟದವರು ಹೆಲಿಕಾಪ್ಟರ್ ತರಿಸಿ ಮರದ ಮೇಲೆ ಗಾಳಿ ಹೊಡೆಸಿ ನೀರು ಉದುರಿಸುತ್ತಾರೆ!

ಸೇತ್‌ನ ಮನೆ ಊರಿನ ಚಾವಡಿಯ ಹಾಗೆ ಇತ್ತು. ರೈತರ ಒಕ್ಕೂಟದ ಸಭೆ ಅಲ್ಲೇ, ರೈಲ್ವೆಯವರ ಮೇಲೆ, ಬ್ಯಾಂಕಿನವರ ಮೇಲೆ ದೂರು ಅಲ್ಲೇ. ಸತ್ತವರ ಆತ್ಮ ಕರೆಸುವ ಚಟವೂ ಆ ಮನೆಗೆ ಇತ್ತು, ಅದು ಬಿಡಿ. 1892ರ ಸುಮಾರಿಗೆ ವಿಲಿಯಂ ಯುರೆನ್ ಎಂಬ ವಕೀಲ ಅಲ್ಲಿಗೆ ಬಂದ. ಸೇತ್ ಮತ್ತು ಅವನ ಹೆಂಡತಿ ಸೊಫ್ರೋನಿಯಾ ಅವನನ್ನು ಮನೆಯಲ್ಲೇ ಇಟ್ಟುಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ ಜನರೇ ಕಾನೂನು ತರುವ ಪದ್ಧತಿಯ ಬಗ್ಗೆ ಒಂದು ಪುಸ್ತಕ ಆ ಬಳಗದಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಯುರೆನ್‌ಗೆ ಅದು ಹಿಡಿಸಿಬಿಟ್ಟಿತು. ಶಾಸಕರು ಮಾಡದಿದ್ದರೆ ಜನ ಸಹಿ ಹಾಕಿ ಕಾನೂನನ್ನು ತಾವೇ ವೋಟಿಗೆ ತರಬೇಕು. ಶಾಸಕರು ತಪ್ಪು ಮಾಡಿದರೆ ಜನ ತಡೆಯಬೇಕು. ಆರೆಗಾನ್ ಇದನ್ನು 1902ರಲ್ಲಿ ಒಪ್ಪಿತು, ಬೇರೆ ರಾಜ್ಯಗಳೂ ನೋಡಿ ಕಲಿತವು. ಸೇತ್ ಅದನ್ನು ನೋಡಲಿಲ್ಲ. 1896ರಲ್ಲೇ ತೀರಿಕೊಂಡಿದ್ದ.

ಬಿಂಗ್ ಕೂಡ ಅಷ್ಟರಲ್ಲಿ ಅಲ್ಲಿರಲಿಲ್ಲ. 1882ರಲ್ಲಿ ಅಮೆರಿಕ ಚೀನೀ ಕೂಲಿಗಳಿಗೆ ಬಾಗಿಲು ಹಾಕಿತು. 1886ರಲ್ಲಿ, ಮಿಲ್ವಾಕಿಯಿಂದ ಸ್ವಲ್ಪವೇ ದೂರದ ಆರೆಗಾನ್ ಸಿಟಿಯಲ್ಲಿ, ಉಣ್ಣೆ ಗಿರಣಿಯ ಚೀನೀ ಕೆಲಸಗಾರರನ್ನು ಗುಂಪು ಕಟ್ಟಿ ಊರಿಂದ ಓಡಿಸಿದರು. 1888ರ ಕಾನೂನು ಇನ್ನೂ ಕೆಟ್ಟದ್ದು. ಊರಿಗೆ ಹೋಗಿ ಬರುತ್ತೇನೆ ಅಂತ ಚೀಟಿ ಬರೆಸಿಕೊಂಡು ಹೋದವರ ಚೀಟಿಗಳೂ ರದ್ದು. ಬಿಂಗ್ 1889ರ ಸುಮಾರಿಗೆ ಮನೆಯವರನ್ನು ನೋಡಲು ಚೀನಾಕ್ಕೆ ಹೋದ. ಮತ್ತೆ ಬರಲಾಗಲಿಲ್ಲ.

ಆರೆಗಾನ್‌ನ ಸಂವಿಧಾನದಲ್ಲೇ ಒಂದು ಕಲಂ ಇತ್ತು. ಸಂವಿಧಾನ ಒಪ್ಪಿದ ಮೇಲೆ ಬಂದು ನೆಲೆಸಿದ ಯಾವ ಚೀನೀಯನೂ ಅಲ್ಲಿ ಭೂಮಿ ಹೊಂದುವಂತಿಲ್ಲ ಅಂತ. ಅದನ್ನು ತೆಗೆಯಲು ಜನ ವೋಟು ಹಾಕಿದ್ದು 1946ರಲ್ಲಿ. ಅಷ್ಟು ಹೊತ್ತಿಗೆ ಬಿಂಗ್ ಹೆಸರಿನ ಮರ ಅದೇ ನೆಲದಲ್ಲಿ ಬೇರು ಬಿಟ್ಟು ಎಪ್ಪತ್ತು ವರ್ಷ ದಾಟಿತ್ತು.

ನಮಸ್ಕಾರ.