ಮೇಲ್ಮೈಗೆ ಬಂತಾ?

ಎಲ್ಲರಿಗೂ ನಮಸ್ಕಾರ, ಸಿಲ್ಕ್ ಬೋರ್ಡ್ ದಾಟಿ ಬಂದವರಿಗೆ ಇನ್ನೊಂದು ನಮಸ್ಕಾರ. ರಿಸೆಪ್ಟರ್ ಅಂದರೆ ಕೋಶದ ಮೇಲ್ಮೈಯಲ್ಲಿ ಕೂತು ಹೊರಗಿನ ಅಣುಗಳನ್ನು ಹಿಡಿಯುವ ಪ್ರೋಟೀನು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ನೇರ ಜಗಳಕ್ಕೇ ಬರ್ತೀನಿ. ಪೋಸ್ಟರ್‌ಗಳ ಸಾಲಲ್ಲಿ ನಡೆದರೆ ಮತ್ತೆ ಮತ್ತೆ ಒಂದೇ ವಾಕ್ಯ ಕಾಣುತ್ತೆ: ಈ ಅಮೈನೊ ಆಮ್ಲ ಬದಲಿಸಿದೆವು, ಸಿಗ್ನಲ್ ನಿಂತಿತು, ಆದ್ದರಿಂದ ಸಿಗ್ನಲ್ ಕೊಡೋದು ಇದೇ ಭಾಗ. ಡಿಪೋ ಬಿಟ್ಟೇ ಹೊರಡದ ಬಸ್ಸು ಮೆಜೆಸ್ಟಿಕ್‌ನಲ್ಲಿ ಬಾಗಿಲು ತೆಗೆಯಲಿಲ್ಲ ಅಂತ ದೂರು ಕೊಟ್ಟ ಹಾಗಾಯ್ತು ಇದು. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ಇಆರ್‌ನಲ್ಲೇ, ಅಂದರೆ ಕೋಶದೊಳಗೆ ಅದು ತಯಾರಾಗುವ ಜಾಗದಲ್ಲೇ, ಸಿಕ್ಕಿಬಿದ್ದಿರಬಹುದಲ್ಲ? ಮೊದಲ ಪ್ರಶ್ನೆ ಒಂದೇ: ಮೇಲ್ಮೈಗೆ ಬಂತಾ?

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಕತೆ ಎಲ್‌ಡಿಎಲ್, ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಕಣ, ಅದನ್ನು ಹಿಡಿಯುವ ರಿಸೆಪ್ಟರಿನದು. ಬ್ರೌನ್, ಗೋಲ್ಡ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ಡಲ್ಲಾಸ್‌ನಲ್ಲಿ ಕೊಲೆಸ್ಟರಾಲ್ ವಿಪರೀತ ಇದ್ದ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ ನೋಡ್ತಿದ್ದರು. ಹಲವರ ಕೋಶಗಳಿಗೆ ಎಲ್‌ಡಿಎಲ್ ಅಂಟುತ್ತಲೇ ಇರಲಿಲ್ಲ. ಒಬ್ಬನ ಕೋಶಗಳಿಗೆ ಮಾತ್ರ ಅಂಟಿತು, ಆದರೆ ಒಳಗೆ ಹೋಗಲಿಲ್ಲ! ಪ್ರಯೋಗ ಸರಳ. 4 ಡಿಗ್ರಿಯಲ್ಲಿ ಎಲ್‌ಡಿಎಲ್ ಹಾಕಿ. ಆ ಚಳಿಗೆ ಕೋಶ ಏನನ್ನೂ ಒಳಗೆಳೆಯಲ್ಲ, ಬರೀ ಅಂಟಿಸಿಕೊಳ್ಳುತ್ತೆ. ತೊಳೆದು 37ಕ್ಕೆ ಏರಿಸಿ. ಆರೋಗ್ಯವಂತ ಕೋಶ ನಿಮಿಷಗಳಲ್ಲಿ ಎಳೆದುಕೊಳ್ಳುತ್ತೆ. ಇವನದರಲ್ಲಿ ಕಣಗಳು ಹೊಸ್ತಿಲ ಮೇಲೇ ಕೂತವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾರಣ ಕಂಡಿತು. ಸಾಮಾನ್ಯವಾಗಿ ಬಹುಪಾಲು ರಿಸೆಪ್ಟರುಗಳು ಕೋಶದ ಮೇಲ್ಮೈಯ ಸುಮಾರು 2 ಶೇಕಡಾ ಜಾಗದ ಕೋಟೆಡ್ ಪಿಟ್‌ಗಳಲ್ಲಿ, ಅಂದರೆ ಒಳಗೆಳೆದುಕೊಳ್ಳುವ ಗುಳಿಗಳಲ್ಲಿ, ಗುಂಪುಗೂಡಿರುತ್ತವೆ. ಇವನ ಕೋಶಗಳಲ್ಲಿ ಅವು ಚೆಲ್ಲಾಪಿಲ್ಲಿ. ಇದು 1977ರ ಮಾತು. ಜೀನ್ ಓದಲು 1986 ಬರಬೇಕಾಯ್ತು: 839 ಅಮೈನೊ ಆಮ್ಲಗಳಲ್ಲಿ 807ನೆಯದು, ಕೋಶದೊಳಗೆ ಚಾಚಿದ ಐವತ್ತು ಅಮೈನೊ ಆಮ್ಲಗಳ ಬಾಲದಲ್ಲಿ, ಟೈರೊಸಿನ್ ಹೋಗಿ ಸಿಸ್ಟೀನ್ ಕೂತಿತ್ತು. ಡಿಎನ್‌ಎಯಲ್ಲಿ ಒಂದೇ ಅಕ್ಷರ, ಎ ಇದ್ದಲ್ಲಿ ಜಿ.

ಆಮೇಲಿನದು ನನಗೆ ಇನ್ನೂ ಇಷ್ಟ. ಟೈರೊಸಿನ್ ಅಂದ ಕೂಡಲೇ ನಮಗೆಲ್ಲ ಫಾಸ್ಫೇಟ್ ನೆನಪಾಗುತ್ತಲ್ಲ? ಅದೇ ಜಾಗಕ್ಕೆ ಫಿನೈಲ್ಅಲನಿನ್ ಇಟ್ಟರು, ಕೆಲಸ ನಡೆಯಿತು. ಟ್ರಿಪ್ಟೊಫ್ಯಾನ್ ಇಟ್ಟರೂ ನಡೆಯಿತು. ಇವಕ್ಕೆ ಫಾಸ್ಫೇಟ್ ಅಂಟಿಸಲು ಕೊಂಡಿಯೇ ಇಲ್ಲ, ಬೇಕಿದ್ದದ್ದು ಬರೀ ಉಂಗುರ. ಈ ಉತ್ತರವನ್ನು ನಂಬೋದು ಯಾಕೆ? ರಿಸೆಪ್ಟರ್ ಮೇಲ್ಮೈಗೆ ಬಂದಿತ್ತು, ಎಲ್‌ಡಿಎಲ್ ಹಿಡಿದಿತ್ತು, ತಪ್ಪಿದ್ದು ಒಳಹೋಗುವ ಹೆಜ್ಜೆ ಒಂದೇ. ಉಳಿದದ್ದೆಲ್ಲ ಸರಿಯಿದ್ದು ಒಂದೇ ಕೆಟ್ಟಾಗ ಆ ಮ್ಯುಟೇಶನ್ ಮಾತಾಡುತ್ತೆ.

ಇದೇ ರಿಸೆಪ್ಟರಿನಲ್ಲಿ ಇಜಿಎಫ್ ಎಂಬ ಬೇರೊಂದು ಪ್ರೋಟೀನನ್ನು ಹೋಲುವ ಭಾಗ ಕತ್ತರಿಸಿದರೆ, ಒಳಗೆಳೆದದ್ದು ಸೇರುವ ಎಂಡೋಸೋಮ್ ಚೀಲದ ಆಮ್ಲದಲ್ಲಿ ಹಿಡಿದ ಕಣವನ್ನು ಬಿಟ್ಟುಕೊಡಲ್ಲ, ರಿಸೆಪ್ಟರ್ ಮೇಲಕ್ಕೆ ಮರಳಲ್ಲ. ಸಕ್ಕರೆ ಸರಗಳು ಒತ್ತಾಗಿರುವ ಭಾಗ ತೆಗೆದರೆ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಲ್ಲಿ ಹೆಚ್ಚೇನೂ ಕೆಡಲ್ಲ. ಇಂಥ 'ಏನೂ ಆಗಲಿಲ್ಲ' ಫಲಿತಾಂಶವನ್ನ ದಯವಿಟ್ಟು ಡ್ರಾಯರ್‌ಗೆ ಹಾಕಬೇಡಿ.

ಈಗ ಕೈಕೆಲಸ. ಬದಲಿಸೋದು ಅಲನಿನ್‌ಗೆ. ಗ್ಲೈಸಿನ್ ಬೆನ್ನೆಲುಬನ್ನೇ ಸಡಿಲ ಮಾಡುತ್ತೆ, ಪ್ರೋಲಿನ್ ಹೆಲಿಕ್ಸ್ ಎಂಬ ಸುರುಳಿಯನ್ನ ಮುರಿಯುತ್ತೆ. ಅಲನಿನ್ ಬೆನ್ನೆಲುಬಿನಿಂದ ಚಾಚುವ ಪಕ್ಕದ ಸರವನ್ನಷ್ಟೇ ಮೊಟಕು ಮಾಡುತ್ತೆ. ತನ್ನದೇ ರಿಸೆಪ್ಟರ್ ಇಲ್ಲದ ಕೋಶ ಹುಡುಕಿ. ಎಚ್ಎ ಟ್ಯಾಗನ್ನು, ಅಂದರೆ ಆಂಟಿಬಾಡಿ ಗುರುತಿಸುವ ಪುಟ್ಟ ತುಣುಕನ್ನು, ಸಿಗ್ನಲ್ ಪೆಪ್ಟೈಡಿನ, ಅಂದರೆ ಪ್ರೋಟೀನಿನ ಆರಂಭದಲ್ಲಿರುವ ವಿಳಾಸ ಚೀಟಿಯ, ನಂತರ ಇಡಿ. ಮುಂಚೆ ಇಟ್ಟರೆ ಪೆಪ್ಟೈಡಿನ ಜೊತೆ ಟ್ಯಾಗೂ ಕತ್ತರಿಸಿಹೋಗುತ್ತೆ, ರಿಸೆಪ್ಟರ್ ಬಂದಿದ್ದರೂ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರ್ 'ಇಲ್ಲ' ಅನ್ನುತ್ತೆ. ಆಂಟಿಬಾಡಿ ಹಾಕೋದು ಐಸ್ ಮೇಲೆ, ಡಿಟರ್ಜೆಂಟ್ ಮುಟ್ಟಿಸದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎಲ್‌ಡಿಎಲ್ ರಿಸೆಪ್ಟರಿನ ಎಳೆಯ ರೂಪ 120, ಬಲಿತದ್ದು 160 ಕಿಲೊಡಾಲ್ಟನ್ ಹತ್ತಿರ ಕಾಣುತ್ತೆ. ಬರೀ 120 ಕಂಡರೆ ಬಸ್ಸು ಡಿಪೋದಲ್ಲೇ ಇದೆ. ಮೇಲ್ಮೈಗೆ ಬಂತಾ? ಇಲ್ಲ. ಬೈಂಡಿಂಗ್ ಗ್ರಾಫ್ ಬರೆಯೋದು ಬೇಡ.

ಐದು ನಿಮಿಷ ಅಂತ ಚೀಟಿ ಬಂತು. ಬೆಳವಣಿಗೆ ಹಾರ್ಮೋನಿನ ರಿಸೆಪ್ಟರಿನ ಎರಡು ಟ್ರಿಪ್ಟೊಫ್ಯಾನ್‌ಗಳು, 104 ಮತ್ತು 169, ಅವನ್ನ ಬಿಟ್ಟುಬಿಡ್ತೀನಿ. ಹಾರ್ಮೋನಿನ ಸಂಪರ್ಕದಲ್ಲಿರುವ ಪಕ್ಕದ ಸರಗಳು ಮೂವತ್ತರ ಹತ್ತಿರ, ಹಿಡಿತದ ಭಾರ ಕೆಲವೇ ಸರಗಳ ಮೇಲೆ, ಅಷ್ಟು ಸಾಕು.

ಕಡೆಗೆ ಕಾರಿಡಾರ್‌ನಲ್ಲಿ ಕೇಳಿದ ಪ್ರಶ್ನೆ: ಮ್ಯುಟೇಶನ್ ಮಾಡಿದರೂ ಬ್ಯಾಕ್ಟೀರಿಯಾ ಕಾಲೊನಿಗಳಲ್ಲೆಲ್ಲ ಹಳೆಯ ಪ್ಲಾಸ್ಮಿಡ್, ಅಂದರೆ ಜೀನ್ ಹೊತ್ತ ಡಿಎನ್‌ಎ ಉಂಗುರವೇ, ಸಿಗೋದು ಯಾಕೆ? ಹಳೆಯದನ್ನು ನಾಶಮಾಡಲು ಹಾಕುವ ಡಿಪಿಎನ್‌ಐ ಎಂಬ ಕಿಣ್ವ ಮಿಥೈಲ್ ಗುರುತು ಬಿದ್ದ ಜಿಎಟಿಸಿ ಅಕ್ಷರಗಳನ್ನ ಮಾತ್ರ ಕತ್ತರಿಸುತ್ತೆ. ಟೆಂಪ್ಲೇಟನ್ನು, ಅಂದರೆ ಮೂಲ ಪ್ಲಾಸ್ಮಿಡನ್ನು, ಜೆಎಂ110ರಂಥ, ಆ ಗುರುತು ಹಾಕುವ ಡ್ಯಾಮ್ ಕಿಣ್ವ ಇಲ್ಲದ ಬ್ಯಾಕ್ಟೀರಿಯಾದಿಂದ ತೆಗೆದಿದ್ದರೆ ಅದು ಹಾಗೇ ಉಳಿಯುತ್ತೆ. ಡ್ಯಾಮ್ ಇರುವ ಡಿಎಚ್5ಆಲ್ಫಾದಿಂದ ತೆಗೆಯಿರಿ, 37ರಲ್ಲಿ ಒಂದು ಗಂಟೆ ಕತ್ತರಿಸಲು ಬಿಡಿ, ಆಮೇಲೆ ಜೀನನ್ನು ಪೂರ್ತಿ ಓದಿಸಿ. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಬೇರೆಲ್ಲೋ ಇನ್ನೊಂದು ಅಕ್ಷರ ತಪ್ಪಿಸಿದ್ದರೆ, ಬದಲಾವಣೆ ಹೊತ್ತ ನಿಮ್ಮ ಪ್ರೈಮರ್ ತುಣುಕು ಕೂತ ಜಾಗವನ್ನಷ್ಟೇ ನೋಡಿದಾಗ ಗೊತ್ತಾಗಲ್ಲ.