ಮೈಲುತುತ್ತಿನ ಊರಿನ ಕೆಂಪು ವೈನ್

ನಮಸ್ಕಾರ. ಅಡಿಕೆ ತೋಟ ಇರುವವರಿಗೆ ಬೋರ್ಡೋ ಅಂದ ಕೂಡಲೇ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ, ಮಳೆಗಾಲದ ಕೊಳೆರೋಗ ನೆನಪಾಗುತ್ತವೆ, ಅಲ್ವಾ? ಈ ಬೋರ್ಡೋ ಫ್ರಾನ್ಸಿನ ನೈಋತ್ಯದ ಒಂದು ಊರು. ಅದರ ಉತ್ತರಕ್ಕೆ ಮೆದೋಕ್ ಅಂತ ಕೆಂಪು ವೈನಿನ ದ್ರಾಕ್ಷಿ ಸೀಮೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಔಷಧಿಯ ತವರು ಅದೇ. ದಾರಿಹೋಕರು ಹಣ್ಣು ಕಿತ್ತು ತಿನ್ನಬಾರದು ಅಂತ ಅಲ್ಲಿನವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಮಿಲಾರ್ದೆ ಎಂಬ ಸಸ್ಯಶಾಸ್ತ್ರದ ಮೇಷ್ಟ್ರು ಆ ದಾರಿಯಲ್ಲಿ ಹೋಗುತ್ತಾ ನೋಡಿದರೆ, ಒಳಗಿನ ಬಳ್ಳಿಗಳ ಎಲೆಯೆಲ್ಲಾ ಡೌನಿ ಎಂಬ ಬೂಷ್ಟು ರೋಗಕ್ಕೆ ಉದುರಿವೆ, ಬಣ್ಣ ಎರಚಿದವು ಮಾತ್ರ ಹಸಿರಾಗಿವೆ! ಕಳ್ಳರಿಗೆ ಅಂತ ಇಟ್ಟದ್ದು ರೋಗಕ್ಕೆ ಮದ್ದಾಯಿತು.

ಮೆದೋಕಿನ ಒಳ್ಳೆ ತೋಟಗಳ ಮಣ್ಣು ನೋಡಿದರೆ ನಮ್ಮ ರೈತರು ನಗುತ್ತಾರೇನೋ. ಬರೀ ಜಲ್ಲಿಕಲ್ಲು. ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯಲೇಬೇಕು. ಹೆಕ್ಟೇರಿಗೆ 10,000 ಬಳ್ಳಿ ಒತ್ತೊತ್ತಾಗಿ ಇರುತ್ತವೆ. ವಿಜಯಪುರದ ಕಡೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾರೆ, ಅಲ್ಲಿ ಒಂದೇ ಸಲ, ಕೈ ಮರಗಟ್ಟುವ ಚಳಿಯಲ್ಲಿ. ಜೂನಿನಲ್ಲಿ ಹೂ ಬಿಟ್ಟರೆ ಹೆಚ್ಚುಕಮ್ಮಿ ನೂರು ದಿನಕ್ಕೆ ಕೊಯ್ಲು. ಮೆರ್ಲೋ ತಳಿ ಮೊದಲು ಹಣ್ಣಾಗುತ್ತದೆ, ಕಾಬೆರ್ನೆ ಸೋವಿನ್ಯೋಂ ಆಮೇಲೆ. ಈ ನಡುವೆ ಮಳೆ ಹಿಡಿದರೆ ಯಜಮಾನನಿಗೆ ನಿದ್ದೆ ಇಲ್ಲ.

ಇನ್ನು ಬಣ್ಣದ ವಿಷಯ. ಆ ಕಪ್ಪು ದ್ರಾಕ್ಷಿಯನ್ನು ಹಿಂಡಿ ನೋಡಿದರೆ ರಸಕ್ಕೆ ಬಣ್ಣವೇ ಇರುವುದಿಲ್ಲ, ಕೆಂಪೆಲ್ಲಾ ಸಿಪ್ಪೆಯಲ್ಲಿ. ಅದಕ್ಕೇ ತೊಟ್ಟು ಬಿಡಿಸಿ, ಹಣ್ಣನ್ನು ಸ್ವಲ್ಪ ಒಡೆದು, ಸಿಪ್ಪೆ ಬೀಜ ಸಮೇತ ದೊಡ್ಡ ತೊಟ್ಟಿಗೆ ತುಂಬುತ್ತಾರೆ. ಈಸ್ಟ್ ಸಕ್ಕರೆ ತಿಂದು ಮದ್ಯ ಮಾಡುತ್ತಾ ಹೋದಂತೆ ಗ್ಯಾಸ್ ಎದ್ದು, ಸಿಪ್ಪೆಯೆಲ್ಲಾ ಮೇಲೆ ತೇಲಿ ದಪ್ಪ ಮುಚ್ಚಳದ ಹಾಗೆ ಕೂರುತ್ತದೆ. ಸುಮ್ನೆ ಬಿಟ್ಟರೆ ಅದು ಒಣಗಿ ಹುಳಿಯಾಗುತ್ತದೆ, ಕೆಳಗಿನ ರಸಕ್ಕೆ ಬಣ್ಣವೂ ಇಳಿಯುವುದಿಲ್ಲ. ಹಾಗಾಗಿ ತೊಟ್ಟಿಯ ಬುಡದಿಂದ ರಸ ಎತ್ತಿ ಮತ್ತೆ ತಲೆಯ ಮೇಲೆ ಹೊಯ್ಯುತ್ತಾರೆ, ದಿನಾ, ಎರಡು ಮೂರು ವಾರ. ಬಿಸಿ ಜಾಸ್ತಿಯಾದರೆ ಈಸ್ಟ್ ಸಾಯುತ್ತದೆ, ಅದನ್ನೂ ಕಾಯಬೇಕು.

ಆಮೇಲೆ ಓಕ್ ಮರದ ಪೀಪಾಯಿ. ಒಂದಕ್ಕೆ 225 ಲೀಟರು, ಅಂದರೆ 300 ಬಾಟಲಿ. ಯಾವ ತಳಿಯ ವೈನು ಎಷ್ಟು ಬೆರೆಸಬೇಕು ಅನ್ನುವುದನ್ನು ನಾಲಿಗೆಯಿಂದಲೇ ತೀರ್ಮಾನಿಸುತ್ತಾರೆ. ನನ್ನ ಕೇಳಿದರೆ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ, ಹಿಡಿಸದ ಪಾಲು ಎಸ್ಟೇಟಿನ ಎರಡನೇ ದರ್ಜೆಯ ವೈನಿಗೆ ಹೋಗುತ್ತದೆ. ವರ್ಷ, ಒಂದೂವರೆ ವರ್ಷ ಪೀಪಾಯಿಯಲ್ಲಿ ಇರುತ್ತದೆ. ನಡುನಡುವೆ ತಳದ ಗಸಿ ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯುತ್ತಾರೆ.

ಕೊನೆಗೆ ಒಗರು ತಗ್ಗಿಸಿ ತಿಳಿ ಮಾಡಲು ಹಳೆಯ ಪದ್ಧತಿಯವರು ಹಾಕುವುದು ಮೊಟ್ಟೆಯ ಬಿಳಿ, ಪೀಪಾಯಿಗೆ ಐದಾರು ಮೊಟ್ಟೆ. ಹಳದಿ ಏನಾಯಿತು ಅಂತೀರಾ? ಬೋರ್ಡೋದಲ್ಲಿ ಕನೆಲೆ ಅನ್ನುವ ಪುಟ್ಟ ಕೇಕ್ ಸಿಗುತ್ತದೆ. ಅದು ಹುಟ್ಟಿದ್ದೇ ಹೀಗೆ ಮಿಕ್ಕಿದ ಹಳದಿಯಿಂದ ಅಂತ ಆ ಊರಿನವರು ಹೇಳುತ್ತಾರೆ.