ಗ್ಯಾಸ್ ಪೈಪಿಗೆ ಬಿಯರ್ ನುಗ್ಗದಿರಲಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ ಬಿಯರ್ ಮಾಡಿ, ಬಾಟಲಿ ತೊಳೆದು ತೊಳೆದು ಸಾಕಾಗಿ, ಕೊನೆಗೆ ಕೆಗ್, ಅಂದರೆ ಬಿಯರ್ ತುಂಬಿಡುವ ದೊಡ್ಡ ಲೋಹದ ಪಾತ್ರೆ, ತಂದವರ ಜೊತೆ ಇವತ್ತು ಒಂದೆರಡು ಮಾತು. ಕೆಗ್ಗಿನ ಬಿಯರ್ ಗ್ಯಾಸ್ ಪೈಪಿಗೆ ಹಿಂದಕ್ಕೆ ನುಗ್ಗುವ ಬಗ್ಗೆ.

ಕೆಗ್ಗಿಗೆ ಪೈಪಿನಲ್ಲಿ ಜೋಡಿಸುವ ಸಿಲಿಂಡರಿನಲ್ಲಿ ಬಿಯರಿಗೆ ಗ್ಯಾಸ್ ಹಿಡಿಸುವ ಕಾರ್ಬನ್ ಡೈಆಕ್ಸೈಡ್ ಇದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 57 ಬಾರ್. ಇಷ್ಟು ಒತ್ತಡದ ಎದುರು ಬಿಯರ್ ಹಿಂದಕ್ಕೆ ಬರುವುದು ಹೇಗೆ ಅಂತ ಅನಿಸಬಹುದು, ಅಲ್ವಾ? ಆದರೆ ರೆಗ್ಯುಲೇಟರ್ ಅದನ್ನು ಇಳಿಸಿ ಕೆಗ್ಗಿಗೆ ಕಳಿಸುವುದು 12 ಪಿಎಸ್‌ಐ ಆಸುಪಾಸು ಮಾತ್ರ. ಪಿಎಸ್‌ಐ ಕೂಡ ಒತ್ತಡದ ಅಳತೆಯೇ; 12 ಪಿಎಸ್‌ಐ ಅಂದರೆ ಒಂದು ಬಾರ್‌ಗಿಂತಲೂ ಕಡಿಮೆ. ಕೆಗ್ಗಿನ ಒಳಗೆ ಅದಕ್ಕಿಂತ ಜಾಸ್ತಿ ಇದ್ದರೆ ಹರಿವು ತಿರುಗುತ್ತದೆ.

ಜಾಸ್ತಿ ಆಗುವುದು ಸುಲಭ. 4 ಡಿಗ್ರಿಯಲ್ಲಿ 12 ಪಿಎಸ್‌ಐ ಇಟ್ಟು ಗ್ಯಾಸ್ ಹಿಡಿಸಿದ ಕೆಗ್ಗನ್ನು ಫ್ರಿಜ್ಜಿನಿಂದ ಹೊರಗಿಡಿ. 20 ಡಿಗ್ರಿಗೆ ಬರುವಷ್ಟರಲ್ಲಿ ಅದೇ ಕೆಗ್ಗಿನ ಒತ್ತಡ 28ರ ಹತ್ತಿರ ಇರುತ್ತದೆ. ಈಗ 12ರ ಪೈಪ್ ಸಿಕ್ಕಿಸಿದರೆ ಮೊದಲು ಗ್ಯಾಸ್ ವಾಪಸ್ ನುಗ್ಗುತ್ತದೆ. ಬಿಯರ್ ಅಂಚಿನವರೆಗೆ ತುಂಬಿದ್ದರೆ ಅದೂ ಹಿಂದೆಯೇ ಬರುತ್ತದೆ. ಗ್ಯಾಸ್ ಒಳಹೋಗುವ ಗಿಡ್ಡ ಕೊಳವೆಯ ತುದಿ ಮುಳುಗದಂತೆ ತುಂಬಿ ಅನ್ನುವುದು ಇದಕ್ಕೇ. ಸಿಕ್ಕಿಸುವ ಮುಂಚೆ ಕೆಗ್ಗಿನ ಮುಚ್ಚಳದ ರಿಲೀಫ್ ವಾಲ್ವ್ ಎಳೆದು ಒತ್ತಡ ಬಿಡಿ.

ನನಗೆ ಹೆಚ್ಚು ಭಯ ಇರುವುದು ಬೇಗ ಗ್ಯಾಸ್ ಹಿಡಿಸಲು ಕೆಗ್ ಮಲಗಿಸಿ ಉರುಳಿಸುವವರ ಬಗ್ಗೆ. ಆಗ ಆ ಗಿಡ್ಡ ಕೊಳವೆ ಬಿಯರಿನಲ್ಲಿ ಮುಳುಗಿರುತ್ತದೆ. 30 ಪಿಎಸ್‌ಐ ಕೊಡುತ್ತಾ ಉರುಳಿಸಿ, ಪೈಪ್ ಬಿಚ್ಚದೆ ಸುಮ್ನೆ ರೆಗ್ಯುಲೇಟರ್ ಇಳಿಸಿದರೆ ಬಿಯರ್ ನೇರ ಮೇಲಕ್ಕೆ. ಮೊದಲು ಪೈಪ್ ಬಿಚ್ಚಿ, ಕೆಗ್ ನಿಲ್ಲಿಸಿ, ಒತ್ತಡ ಬಿಟ್ಟು, ಆಮೇಲೆ ರೆಗ್ಯುಲೇಟರ್ ಮುಟ್ಟಿ.

ಚೆಕ್ ವಾಲ್ವ್ ಬೇಕೇ ಬೇಕು. ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಸಾಧನ ಅದು. ಬೆಲೆಯಲ್ಲಿ ರೆಗ್ಯುಲೇಟರಿನ ಮುಂದೆ ಏನೇನೂ ಅಲ್ಲ. ಒಂದೇ ಸಿಲಿಂಡರಿಗೆ ಮೂರ್ನಾಲ್ಕು ಕೆಗ್ ಜೋಡಿಸಿದವರು ಪ್ರತಿ ಕವಲಿಗೂ ಒಂದು ಹಾಕಬೇಕು. ಇಲ್ಲದಿದ್ದರೆ ಒಂದು ಕೆಗ್ಗಿನ ವಾಸನೆ ಇನ್ನೊಂದಕ್ಕೆ ಸೇರುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ. ಒಂದು ಹನಿ ಬಿಯರ್ ಒಳಗೆ ಒಣಗಿದರೂ ವಾಲ್ವ್ ಅಂಟಿಕೊಂಡು ತೆರೆದೇ ಉಳಿಯಬಹುದು. ಆಗಾಗ ಬಿಚ್ಚಿ, ಉಲ್ಟಾ ಕಡೆಯಿಂದ ಊದಿ ನೋಡಿ. ಗಾಳಿ ಹೋದರೆ ಬದಲಾಯಿಸಿ. ಪೈಪ್ ಪಾರದರ್ಶಕವಾಗಿದ್ದರೆ ಬಿಯರ್ ಏರುವುದು ಕಣ್ಣಿಗೂ ಕಾಣುತ್ತದೆ.

ಬಿಯರ್ ರೆಗ್ಯುಲೇಟರ್ ಸೇರಿಯೇ ಬಿಟ್ಟರೆ ಸಿಲಿಂಡರ್ ಮುಚ್ಚಿ, ಒತ್ತಡ ಪೂರ್ತಿ ಬಿಟ್ಟು ಬಿಚ್ಚಿ. ಒಳಗೆ ಸಕ್ಕರೆ ಅಂಶ ಒಣಗಿದರೆ ರೆಗ್ಯುಲೇಟರ್ ಗ್ಯಾಸನ್ನು ಸರಿಯಾಗಿ ತಡೆಯುವುದಿಲ್ಲ. ತೊಳೆಸಿ ಮತ್ತೆ ಜೋಡಿಸಿದ ಮೇಲೆ ಹೊರಹೋಗುವ ದಾರಿ ಮುಚ್ಚಿ, ಗೇಜಿನ ಮುಳ್ಳು ನೋಡುತ್ತಿರಿ. ಅದು ತಾನಾಗಿಯೇ ಏರುತ್ತಾ ಹೋದರೆ ಆ ರೆಗ್ಯುಲೇಟರನ್ನು ಕೆಗ್ಗಿಗೆ ಜೋಡಿಸಬೇಡಿ, ರಿಪೇರಿಗೆ ಕೊಡಿ. ನಮಸ್ಕಾರ.